ಹನ್ನೊಂದನೆಯ ವಚನಕ್ಕೆ ಮುನ್ನ: ಯೆರೆಮೀಯನ ಪತ್ರದ ಮರುಓದು

ಸಂಕಷ್ಟದಲ್ಲಿರುವವರನ್ನು ಸಂತೈಸಲು ನಮ್ಮ ಪ್ರಬೋಧನೆಗಳಲ್ಲಿ ಪದೇ ಪದೇ ಬಳಕೆಯಾಗುವ ವಚನಗಳಲ್ಲಿ ಯೆರೆಮೀಯನ ಗ್ರಂಥದ 29:11 ಒಂದು. ತಮ್ಮ ಜನರಿಗಾಗಿ ದೇವರು ಹಿತವನ್ನೇ ಯೋಜಿಸಿದ್ದಾರೆಂಬ ಅದರ ಭರವಸೆ ಗೋಡೆಯ ಕ್ಯಾಲೆಂಡರುಗಳಲ್ಲಿ ಮಾತ್ರವಲ್ಲ, ಮರಣದ ಬಲಿಪೂಜೆಗಳಲ್ಲೂ ಕೇಳಿಬರುತ್ತದೆ. ಅಕಾಲಮರಣಕ್ಕೀಡಾದ ಯುವಕನೊಬ್ಬನ ಅಂತ್ಯವಿಧಿಯಲ್ಲಿ ನಾವೂ ಇದನ್ನೇ ಆಧರಿಸಿ ಪ್ರಬೋಧಿಸಿದ್ದೆವು. ಬಳಿಕ ಆತನ ತಾಯಿ, "ಹಾಗಾದರೆ ಇದೂ ದೇವರ ಯೋಜನೆಯೇ ಫಾದರ್?" ಎಂದು ಕೇಳಿದರು. ನಮ್ಮಲ್ಲಿ ಉತ್ತರವಿರಲಿಲ್ಲ. ತಪ್ಪು ವಚನದಲ್ಲಿತ್ತೇ, ನಮ್ಮ ಓದಿನಲ್ಲಿತ್ತೇ ಎಂಬುದನ್ನು ಇಲ್ಲಿ ಪರಿಶೀಲಿಸಬಯಸುತ್ತೇವೆ.

ಈ ವಚನವು ಒಂದು ಪತ್ರದ ಭಾಗ. ಕ್ರಿ.ಪೂ. 597ರಲ್ಲಿ ಅರಸ ಯೆಹೋಯಾಕೀನನೊಡನೆ ಬಾಬಿಲೋನಿಗೆ ಸೆರೆಯೊಯ್ಯಲ್ಪಟ್ಟ ಜನರಿಗೆ ಪ್ರವಾದಿ ಅದನ್ನು ಜೆರುಸಲೇಮಿನಿಂದ ಬರೆದು ಕಳುಹಿಸಿದನು. ಹಿಂದಿನ ಅಧ್ಯಾಯದಲ್ಲಿ ಹನನ್ಯನು ಎರಡೇ ವರ್ಷಗಳಲ್ಲಿ ಬಿಡುಗಡೆಯಾಗುವುದೆಂದು ಘೋಷಿಸಿದ್ದನು. ಜನರ ಕಿವಿಗೆ ಹಿತವಾದ ಸಂದೇಶ ಅದೇ. ಯೆರೆಮೀಯನಾದರೋ 70 ವರ್ಷಗಳ ಅವಧಿಯನ್ನು ಮುಂದಿಟ್ಟನು. ಎಂದರೆ, ಪತ್ರವನ್ನು ಓದಿಸಿ ಕೇಳಿದ ಬಹುಮಂದಿ ತಾಯ್ನೆಲವನ್ನು ಮತ್ತೆ ಕಾಣುವಂತಿರಲಿಲ್ಲ. ಹನ್ನೊಂದನೆಯ ವಚನವನ್ನು ಹತ್ತನೆಯದರಿಂದ ಬೇರ್ಪಡಿಸಿ ಬೋಧಿಸುವಾಗ ನಾವು ಅರಿಯದೆಯೇ ಯೆರೆಮೀಯನ ಮಾತನ್ನು ಹನನ್ಯನ ದನಿಯಲ್ಲಿ ನುಡಿಯುತ್ತೇವೆ.

ಆ ದೀರ್ಘಕಾಲದಲ್ಲಿ ಜನರು ಮಾಡಬೇಕಾದುದೇನು? ಮನೆ ಕಟ್ಟಬೇಕು, ತೋಟ ಮಾಡಬೇಕು, ಮಕ್ಕಳಿಗೆ ಮದುವೆ ಮಾಡಿಸಬೇಕು. ತಮ್ಮನ್ನು ಸೆರೆಯಾಳಾಗಿಸಿದ ನಗರದ ಕ್ಷೇಮಕ್ಕಾಗಿಯೇ ದುಡಿದು ಪ್ರಾರ್ಥಿಸಬೇಕು. ಇಲ್ಲಿ ಏಳನೆಯ ವಚನದಲ್ಲಿ ಮೂರು ಬಾರಿ ಬರುವ 'ಶಾಲೋಮ್' ಎಂಬ ಹೀಬ್ರೂ ಪದವೇ ಹನ್ನೊಂದನೆಯದರಲ್ಲೂ ಬರುತ್ತದೆ. ದೇವರು ಯೋಜಿಸಿರುವ ಶಾಂತಿಗೂ ಪರನಗರದಲ್ಲಿ ಅರಸಬೇಕಾದ ಶಾಂತಿಗೂ ಇರುವ ನಂಟು ಈ ಪದದಿಂದಲೇ ಸ್ಪಷ್ಟ. ಉದ್ದೇಶವನ್ನು ಕಂಡುಕೊಳ್ಳುವುದೆಂದರೆ ಇಲ್ಲಿ ಗುಟ್ಟೊಂದನ್ನು ಬಿಡಿಸುವುದಲ್ಲ, ಕೆಲಸವೊಂದನ್ನು ಕೈಗೆತ್ತಿಕೊಳ್ಳುವುದು.

ಕನ್ನಡದ ಓದುಗರಿಗೆ ಇನ್ನೊಂದು ತೊಡಕುಂಟು. ನಮ್ಮ 'ನೀವು' ಬಹುವಚನವೂ ಹೌದು, ಒಬ್ಬರಿಗೆ ಸಲ್ಲುವ ಗೌರವವಾಚಕವೂ ಹೌದು. ಆದ್ದರಿಂದ ವಚನವು ತನಗೊಬ್ಬನಿಗೇ ಹೇಳಿದಂತೆ ಕೇಳಿಸುವುದು ಸಹಜ. ಮೂಲದಲ್ಲಿರುವುದು ಬಹುವಚನ, ವಾಗ್ದಾನ ಸಮುದಾಯದ್ದು. ಇದರಿಂದ ವ್ಯಕ್ತಿಯ ನಿರೀಕ್ಷೆ ಕುಗ್ಗುತ್ತದೆಂದು ಕೆಲವರು ಆಕ್ಷೇಪಿಸಬಹುದು. ಆದರೆ ಒಂಟಿಯಾಗಿ ಹೊರಲಾರದ ನಿರೀಕ್ಷೆಯನ್ನು ಸಭೆಯೊಡನೆ ಹೊರುವುದು ದುಃಖಿತರಿಗೆ ಆಧಾರವೇ ಹೊರತು ನಷ್ಟವಲ್ಲ.

ಕಠಿಣವಾದ ಅಂಶವೊಂದು ಉಳಿಯುತ್ತದೆ. ಈ ಜನರನ್ನು ಸೆರೆಗೆ ಕಳುಹಿಸಿದವರು ತಾವೇ ಎಂದು ನಾಲ್ಕನೆಯ ವಚನದಲ್ಲಿ ದೇವರು ಹೇಳುತ್ತಾರೆ. ಆ ಮಾತನ್ನು ನಾವು ಮೃದುಗೊಳಿಸಲಾಗದು. ಆದರೆ ಅದು ಒಡಂಬಡಿಕೆಯನ್ನು ಮುರಿದ ಜನಾಂಗದ ಕುರಿತು ಪ್ರವಾದಿಯು ಪಡೆದ ತೀರ್ಪು; ಪ್ರತಿಯೊಂದು ಶವಪೆಟ್ಟಿಗೆಯ ಮುಂದೆ ಅನ್ವಯಿಸಬಹುದಾದ ಸೂತ್ರವಲ್ಲ. ಸಿಲೋವಾಮಿನ ಗೋಪುರ ಕುಸಿದು ಸತ್ತ 18 ಮಂದಿಯ ಪ್ರಸಂಗದಲ್ಲಿ (ಲೂಕ 13:4) ಯೇಸುಸ್ವಾಮಿ ಅಂಥ ಲೆಕ್ಕಾಚಾರವನ್ನು ತಳ್ಳಿಹಾಕುತ್ತಾರೆ. ತಾನು ಹುಟ್ಟಿದ ದಿನವನ್ನೇ ಶಪಿಸಿದ ಯೆರೆಮೀಯನ ಪ್ರಲಾಪವೂ (20:14-18) ಇದೇ ಗ್ರಂಥದಲ್ಲಿದೆ. ದೇವರ ಯೋಜನೆಯನ್ನು ಸಾರಿದವನಿಗೂ ಅಳುವ ಹಕ್ಕಿತ್ತು.

ಆ ತಾಯಿಗೆ ಇಂದು ಏನು ಹೇಳುವೆವು? ಮಗನ ಸಾವು ಯೋಜನೆಯ ಭಾಗವೆಂದು ಹೇಳಲು ನಮಗೆ ಅಧಿಕಾರವಿಲ್ಲವೆಂದು ಮೊದಲು ಒಪ್ಪಿಕೊಳ್ಳುವೆವು. ಅವರ ಪ್ರಶ್ನೆಯನ್ನು ಪ್ರಾರ್ಥನೆಯೆಂದೇ ಸ್ವೀಕರಿಸುವೆವು. ಅವರ ಬರಿದಾದ ಮನೆಯಲ್ಲಿ ಬದುಕು ಮತ್ತೆ ಬೇರೂರುವವರೆಗೆ ಧರ್ಮಕೇಂದ್ರವು ಜೊತೆಗಿರುವಂತೆ ನೋಡಿಕೊಳ್ಳುವೆವು. ಗುರು ಅಭ್ಯರ್ಥಿಗಳಲ್ಲಿ ನಮ್ಮದೊಂದೇ ವಿನಂತಿ: ಈ ವಚನವನ್ನು ಬೋಧಿಸಿರಿ, ಆದರೆ ಓದನ್ನು ನಾಲ್ಕನೆಯ ವಚನದಿಂದ ಆರಂಭಿಸಿರಿ.