ಹೂಜಿಯೊಳಗಿನ ಕೆಂಪು

ಸ್ಪೇನಿನ ಬೇಸಿಗೆಗೆ ಒಂದು ಬಣ್ಣವಿದ್ದರೆ ಅದು ಹಣ್ಣು ಬೆರೆಸಿದ ವೈನ್ ಪಾನೀಯವಾದ ಸಾಂಗ್ರಿಯಾದ ಕೆಂಪು. ಸ್ಪ್ಯಾನಿಷಿನಲ್ಲಿ 'ಸಾಂಗ್ರೆ' ಎಂದರೆ ರಕ್ತ. ಹೆಸರು ಬಂದದ್ದು ಆ ಬಣ್ಣದಿಂದ ಎನ್ನುತ್ತಾರೆ.

ಇದಕ್ಕೆ ದುಬಾರಿ ವೈನ್ ಬೇಡ. ಹಣ್ಣಿನ ರುಚಿ ಮುಂದಾಗಿರುವ ಎಳೆಯ ಟೆಂಪ್ರಾನಿಯೋ ಅಥವಾ ಗಾರ್ನಾಚಾ ದ್ರಾಕ್ಷಿಯ ಕೆಂಪು ವೈನ್ ಸಾಕು. 750 ಮಿಲಿಲೀಟರಿನ ಬಾಟಲಿಗೆ ಎರಡು ಕಿತ್ತಳೆ, ಒಂದು ನಿಂಬೆ, ಎರಡು ಚಮಚ ಸಕ್ಕರೆ, ಒಂದು ತುಂಡು ಚಕ್ಕೆ.

ಇದರ ಜೀವವಿರುವುದು ಸಿಪ್ಪೆಯಲ್ಲಿ. ಕಿತ್ತಳೆಯನ್ನು ಬಿಲ್ಲೆಗಳಾಗಿ ಕೊಯ್ಯುವಾಗ ಬೆರಳಿಗೆ ಸಿಡಿಯುವ ಸಣ್ಣ ತುಂತುರೇ ಅದರ ಎಣ್ಣೆ, ಘಮವೆಲ್ಲ ಅಲ್ಲಿದೆ. ಸಕ್ಕರೆ ಬೆರೆಸಿ ಮರದ ಸೌಟಿನಿಂದ ಮೆಲ್ಲನೆ ಅದುಮಿದರೆ ಎಣ್ಣೆ, ರಸ ಎರಡೂ ಬಿಟ್ಟುಕೊಳ್ಳುತ್ತವೆ. ಜಜ್ಜಬಾರದು, ಸಿಪ್ಪೆಯೊಳಗಿನ ಬಿಳಿ ಭಾಗ ಕಹಿ. ಆಮೇಲೆ ವೈನ್ ಸುರಿದು ನಾಲ್ಕು ಗಂಟೆ ಫ್ರಿಜ್ಜಿನಲ್ಲಿ ಇಡಬೇಕು. ಸಿಪ್ಪೆಯ ಪರಿಮಳ ವೈನಿಗಿಳಿಯುತ್ತದೆ, ವೈನು ಹಣ್ಣಿಗಿಳಿಯುತ್ತದೆ. ಸೋಡಾ ಮಾತ್ರ ಬಡಿಸುವ ಗಳಿಗೆಗೆ.

ಅನೇಕ ಅಮೆರಿಕನ್ನರು ಸಾಂಗ್ರಿಯಾವನ್ನು ಮೊದಲು ಸವಿದದ್ದು 1964ರ ನ್ಯೂಯಾರ್ಕ್ ವಿಶ್ವ ಮೇಳದ ಸ್ಪೇನ್ ಮಂಟಪದಲ್ಲಿ. 2014ರ ಐರೋಪ್ಯ ಒಕ್ಕೂಟದ ನಿಯಮದಂತೆ ಅಲ್ಲಿ ಬಾಟಲಿಯ ಮೇಲೆ ಬರಿಯ 'ಸಾಂಗ್ರಿಯಾ' ಎಂದು ಬರೆದು ಮಾರುವ ಹಕ್ಕು ಸ್ಪೇನ್, ಪೋರ್ಚುಗಲ್‌ಗಳದ್ದು. ಮನೆಯ ಹೂಜಿಗೆ ಆ ಹಂಗಿಲ್ಲ. ಕೊನೆಯ ಲೋಟ ಬರಿದಾದ ಮೇಲೆ ತಳದಲ್ಲಿ ಉಳಿಯುವ, ವೈನ್ ಕುಡಿದು ಕೆಂಪಾದ ಕಿತ್ತಳೆ ಬಿಲ್ಲೆಯೇ ಮಾಡಿದವರ ಪಾಲಿನ ಬಹುಮಾನ.