ಮಡಚದ ಚಾಕು

ಚಿನ್ನಿದಾಂಡಿನ ಚಿನ್ನಿಗೆ ಎರಡೂ ತುದಿ ಚೂಪಾಗಿರಬೇಕು. ಅದನ್ನು ಮಡಚುವ ಚಾಕುವಿನಲ್ಲಿ ಹೆರೆದು ನೋಡಿ: ಮರದ ಗಂಟು ಸಿಕ್ಕಿದೊಡನೆ ಕೀಲು ಅಲುಗುತ್ತದೆ, ಒಮ್ಮೊಮ್ಮೆ ಅಲಗು ಬೆರಳ ಮೇಲೇ ಮಡಚಿಕೊಳ್ಳುತ್ತದೆ. ಮಡಚದ ಚಾಕುವಿಗೆ ಆ ಚಂಚಲ ಬುದ್ಧಿ ಇಲ್ಲ.

ಕೆಜಿಎಫ್‌ನ ಕೋರಮಂಡಲ್, ಚಾಂಪಿಯನ್ ರೀಫ್ ಕಡೆಯವರಿಗೆ ಉಕ್ಕಿನ ಗುಣ ಹೇಳಿಕೊಡಬೇಕಿಲ್ಲ. 2001ರಲ್ಲಿ ಮುಚ್ಚಿದ ಚಿನ್ನದ ಗಣಿ, ಈಗಲೂ ನಡೆಯುತ್ತಿರುವ ಬಿಇಎಂಎಲ್ ಕಾರ್ಖಾನೆ, ಎರಡೂ ಕಬ್ಬಿಣದ ಸದ್ದಿನಲ್ಲೇ ಊರಿಗೆ ಅನ್ನ ಕೊಟ್ಟವು. ಲಾರಿಯ ಹಳೇ ಕಮಾನ್ ಪಟ್ಟಿಯನ್ನು ಕುಲುಮೆಯಲ್ಲಿ ಬಡಿದು ಮಾಡಿದ ಚಾಕು ಒರೆಸದೆ ಬಿಟ್ಟರೆ ತುಕ್ಕು ಹಿಡಿಯುತ್ತದೆ ನಿಜ. ಆದರೆ ಸಾಣೆ ಕೊಟ್ಟರೆ ಬೇಗ ಹರಿತವಾಗುತ್ತದೆ.

ಕೊಳ್ಳುವಾಗ ಅಲಗು ಮೂರು ನಾಲ್ಕು ಇಂಚು ಸಾಕು. ಉಕ್ಕು ಹಿಡಿಯ ಕೊನೆವರೆಗೂ ಹೋಗಿರಲಿ. ಬೆನ್ನು ಮೊಂಡಾಗಿರಲಿ, ಹೆಬ್ಬೆರಳು ಒತ್ತುವುದು ಅಲ್ಲೇ. ಅಲಗಿನ ಇಳಿಜಾರು ಅಂಚಿನವರೆಗೂ ಒಂದೇ ಚಪ್ಪಟೆಯಾಗಿದ್ದರೆ ಮರದ ಮೇಲೆ ಸರಿಯಾಗಿ ಕೂರುತ್ತದೆ. ಸ್ವೀಡನ್ನಿನ ಮೋರಾ ಊರಿನ ಚಾಕುಗಳು ಹೆಸರಾಗಿರುವುದು ಇಂಥ ಇಳಿಜಾರಿಗೇ.

ಮನೆಗೆ ತಂದು ಬೇವಿನ ಹಸಿ ಕಡ್ಡಿಯ ಮೇಲೆ ಎಳೆಗುಂಟ ಚಾಕುವನ್ನು ಒಮ್ಮೆ ಎಳೆಯಿರಿ. ಸಿಪ್ಪೆ ಉದ್ದಕ್ಕೆ ಸುರುಳಿ ಸುತ್ತಿ ಬಂದರೆ ಚಾಕು ನಿಮ್ಮದು; ತುಂಡು ತುಂಡಾಗಿ ಉದುರಿದರೆ ಸಾಣೆಕಲ್ಲಿಗೆ ನೀರು ಚಿಮುಕಿಸಿ.