ಟೈಸನ್ ಬಿದ್ದ ಹತ್ತನೇ ಸುತ್ತು

ನಿಜಾಮಾಬಾದಿನ ನಿಖತ್ ಜರೀನ್ ವಿಶ್ವ ಚಾಂಪಿಯನ್ ಆದಮೇಲೆ ಹೈದರಾಬಾದಿನ ನಾಂಪಲ್ಲಿ ಸ್ಟೇಷನ್ನಿನ ಆಸುಪಾಸಿನ ಇರಾನಿ ಹೋಟೆಲುಗಳಲ್ಲಿ ಕ್ರಿಕೆಟ್ಟಿನ ನಡುವೆ ಬಾಕ್ಸಿಂಗಿನ ಮಾತಿಗೂ ಒಂದಿಷ್ಟು ಜಾಗ ಸಿಕ್ಕಿದೆ. ಮುಷ್ಟಿಯುದ್ಧದ ಚರಿತ್ರೆಯಲ್ಲೇ ಯಾರೂ ನೆನೆಸದ ಗೆಲುವು ಯಾವುದು ಎಂದು ಕೇಳಿದರೆ ಉತ್ತರ ಬಹುತೇಕ ಒಂದೇ: 1990ರ ಫೆಬ್ರುವರಿ 11ರಂದು ಟೋಕಿಯೊದಲ್ಲಿ ಬಸ್ಟರ್ ಡಗ್ಲಸ್ ಮೈಕ್ ಟೈಸನ್ನನನ್ನು ಕೆಡವಿದ್ದು. ಯಾಕೆ ಎಂದರೆ ಒಂದು ಅಂಕಿ ಬರುತ್ತದೆ, 42ಕ್ಕೆ 1. ಆ ಉತ್ತರವನ್ನು ನಾನು ಒಪ್ಪುತ್ತೇನೆ, ಕಾರಣವನ್ನು ಒಪ್ಪುವುದಿಲ್ಲ.

ಮಲಕ್‌ಪೇಟೆಯ ರೇಸ್ ಕೋರ್ಸ್ ಕಂಡವರಿಗೆ ಗೊತ್ತು, ಬಾಜಿಯ ದರ ಕುದುರೆಯ ಕಾಲಿನ ಬಲವನ್ನು ಹೇಳುವುದಿಲ್ಲ. ಜನ ಯಾವ ಕಡೆ ದುಡ್ಡು ಸುರಿಯುತ್ತಿದ್ದಾರೆ ಎಂಬುದನ್ನು ಹೇಳುತ್ತದೆ. ಟೈಸನ್-ಡಗ್ಲಸ್ ಪಂದ್ಯಕ್ಕೆ ಲಾಸ್ ವೇಗಸ್‌ನ ಹೆಚ್ಚಿನ ಕ್ಯಾಸಿನೊಗಳು ಗೆಲ್ಲುವವರು ಯಾರು ಎಂಬ ಬಾಜಿಯನ್ನೇ ತೆಗೆದುಕೊಳ್ಳಲಿಲ್ಲ. ಮಿರಾಜ್ ಎಂಬ ಒಂದು ಕ್ಯಾಸಿನೊ ತೆಗೆದುಕೊಂಡಿತು, ಅಲ್ಲಿ ಹುಟ್ಟಿದ ದರವೇ ಈ 42. 1935ರಲ್ಲಿ ಬ್ರಾಡಕ್ ಮ್ಯಾಕ್ಸ್ ಬೇರ್‌ನನ್ನು ಸೋಲಿಸಿದಾಗ ದರ ಸುಮಾರು 10ಕ್ಕೆ 1, 1964ರಲ್ಲಿ ಕ್ಯಾಸಿಯಸ್ ಕ್ಲೇ ಲಿಸ್ಟನ್ನನನ್ನು ಸೋಲಿಸಿದಾಗ ಸುಮಾರು 7ಕ್ಕೆ 1, 2001ರಲ್ಲಿ ಹಸೀಮ್ ರಹಮಾನ್ ಲೆನಾಕ್ಸ್ ಲೂಯಿಸ್‌ನನ್ನು ಕೆಡವಿದಾಗ 20ಕ್ಕೆ 1. ಅಂಕಿಯೊಂದೇ ಅಳತೆಗೋಲಾದರೆ ರಹಮಾನನ ಗೆಲುವು ಕ್ಲೇ ಗೆಲುವಿಗಿಂತ ದೊಡ್ಡದಾಗಬೇಕು. ಬಾಕ್ಸಿಂಗ್ ಬಲ್ಲವರು ಯಾರೂ ಅದನ್ನು ಒಪ್ಪಲಾರರು.

ಹಾಗಾದರೆ ಅಳೆಯುವುದು ಹೇಗೆ? ಪಂದ್ಯವನ್ನು ಮತ್ತೆ ನೋಡುವುದೊಂದೇ ದಾರಿ. ಫಲಿತಾಂಶ ಗೊತ್ತಿದ್ದೂ ನೋಡಿದಾಗ ಗೆದ್ದವನ ಕೆಲಸ ಸುತ್ತು ಸುತ್ತಿಗೂ ಕಣ್ಣಿಗೆ ಬೀಳಬೇಕು. ಟೋಕಿಯೊದಲ್ಲಿ ಅದು ಬೀಳುತ್ತದೆ.

ಟೈಸನ್‌ಗೆ ಆಗ 23 ವರ್ಷ. ಆಡಿದ 37 ಪಂದ್ಯಗಳಲ್ಲೂ ಗೆಲುವು, ಅದರಲ್ಲಿ 33 ನಾಕೌಟ್. 1988ರಲ್ಲಿ ಮೈಕಲ್ ಸ್ಪಿಂಕ್ಸ್‌ನನ್ನು 91 ಸೆಕೆಂಡಿನಲ್ಲಿ ಮುಗಿಸಿದ್ದ. ಎದುರಾಳಿಗಳು ರಿಂಗ್ ಹತ್ತುವ ಮೊದಲೇ ಅರ್ಧ ಸೋತಿರುತ್ತಿದ್ದರು. ಡಗ್ಲಸ್ ಪ್ರತಿಭೆಯಿದ್ದೂ ನಡುವೆ ಕೈಚೆಲ್ಲುವವನು ಎಂಬ ಹೆಸರು ಹೊತ್ತಿದ್ದ. 1987ರಲ್ಲಿ ಟೋನಿ ಟಕರ್ ಎದುರು ಹಾಗೆಯೇ ಸೋತಿದ್ದ. ಪಂದ್ಯಕ್ಕೆ 23 ದಿನ ಮುಂಚೆ ಅವನ ತಾಯಿ ತೀರಿಕೊಂಡರು. ಈ ಗೆಲುವಿನ ಕತೆ ಹೇಳುವವರೆಲ್ಲ ಆ ಸಾವಿನ ಹತ್ತಿರ ನಿಂತುಬಿಡುತ್ತಾರೆ, ಮಗನ ದುಃಖವೇ ಟೈಸನ್ನನನ್ನು ಹೊಡೆಯಿತು ಎಂಬಂತೆ. ದುಃಖ ಅವನಿಗೆ ಅಂಜಿಕೆ ಇಲ್ಲದಂತೆ ಮಾಡಿರಬಹುದು. ಹೊಡೆದದ್ದು ಮಾತ್ರ ಅವನ ಎಡಗೈ ಜ್ಯಾಬ್.

ಡಗ್ಲಸ್‌ನ ತೋಳಿನ ಚಾಚು ಟೈಸನ್‌ಗಿಂತ 12 ಇಂಚು ಹೆಚ್ಚು. ಟೈಸನ್ ಗೆಲ್ಲುತ್ತಿದ್ದದ್ದು ತಲೆ ಅತ್ತಿತ್ತ ಆಡಿಸುತ್ತ ಎದುರಾಳಿಯ ಎದೆಯ ಹತ್ತಿರಕ್ಕೆ ನುಗ್ಗಿ. ಆ ಅಂತರವನ್ನೇ ಡಗ್ಲಸ್ ಬಿಟ್ಟುಕೊಡಲಿಲ್ಲ. ಜ್ಯಾಬ್, ಅದರ ಬೆನ್ನಿಗೇ ಬಲಗೈ, ಟೈಸನ್ ಒಳಗೆ ಬಂದರೆ ತಬ್ಬಿ ಹಿಡಿಯುವುದು, ಬಿಟ್ಟಮೇಲೆ ಪಕ್ಕಕ್ಕೆ ಸರಿದು ಮತ್ತೆ ಜ್ಯಾಬ್. ಟೈಸನ್‌ನ ಎಡಗಣ್ಣು ಊದಿಕೊಂಡಿತು. ಊತ ಇಳಿಸುವ ತಣ್ಣನೆಯ ಲೋಹದ ತುಂಡು ಕೂಡ ಅವನ ಮೂಲೆಯವರ ಹತ್ತಿರ ಇರಲಿಲ್ಲ. ರಬ್ಬರ್ ಗ್ಲೌಸಿಗೆ ಐಸ್ ನೀರು ತುಂಬಿ ಒತ್ತಿದರು. ತನ್ನ ಹಳೆಯ ತರಬೇತುದಾರ ಕೆವಿನ್ ರೂನಿಯನ್ನು ಟೈಸನ್ ಅದಕ್ಕೂ ಮುಂಚೆಯೇ ದೂರ ಮಾಡಿದ್ದ. ಸಿದ್ಧತೆಯಲ್ಲಿ ಆದ ಈ ಸೋಮಾರಿತನವನ್ನು ಮುಂದಿಟ್ಟು ಡಗ್ಲಸ್‌ನ ಗೆಲುವನ್ನು ಕಡಿಮೆ ಮಾಡುವವರಿದ್ದಾರೆ. ಎಂಟನೇ ಸುತ್ತು ಅವರಿಗೆ ಉತ್ತರ.

ಆ ಸುತ್ತಿನ ಕೊನೆಯಲ್ಲಿ ಟೈಸನ್‌ನ ಅಪ್ಪರ್‌ಕಟ್ ಬಿತ್ತು, ಡಗ್ಲಸ್ ಅಂಗಾತ ಬಿದ್ದ. ಬಿದ್ದವನು ಸಿಟ್ಟಿನಿಂದ ನೆಲವನ್ನು ಗುದ್ದಿದ. ಆ ಗುದ್ದು ನನಗೆ ಇಡೀ ಪಂದ್ಯದ ಅತ್ಯಂತ ಮುಖ್ಯ ಗಳಿಗೆ: ಮಂಕು ಕವಿದವನು ಹಾಗೆ ಗುದ್ದುವುದಿಲ್ಲ. ರೆಫ್ರಿ ಆಕ್ಟೇವಿಯೊ ಮೇರನ್ ಒಂಬತ್ತು ಎನ್ನುವಷ್ಟರಲ್ಲಿ ಎದ್ದು ನಿಂತ. ರೆಫ್ರಿಯ ಎಣಿಕೆ ಗಡಿಯಾರಕ್ಕಿಂತ ನಿಧಾನವಾಗಿತ್ತು ಎಂದು ಟೈಸನ್‌ನ ಪ್ರೊಮೋಟರ್ ಡಾನ್ ಕಿಂಗ್ ಗಲಾಟೆ ಮಾಡಿದ, ಎರಡು ಸಂಸ್ಥೆಗಳು ಪಟ್ಟವನ್ನು ಕೆಲವು ದಿನ ತಡೆಹಿಡಿದವು. ಆದರೆ ಬಿದ್ದ ಆಟಗಾರ ಕೇಳಿಸಿಕೊಳ್ಳಬೇಕಾದದ್ದು ರೆಫ್ರಿಯ ಎಣಿಕೆಯನ್ನೇ, ಗಡಿಯಾರವನ್ನಲ್ಲ. ಡಗ್ಲಸ್ ಅದನ್ನು ಕೇಳುತ್ತ ಸಮಯ ತೆಗೆದುಕೊಂಡ. ಹತ್ತನೇ ಸುತ್ತಿನಲ್ಲಿ ಅವನ ಅಪ್ಪರ್‌ಕಟ್, ಬೆನ್ನಿಗೇ ನಾಲ್ಕು ಹೊಡೆತ. ಟೈಸನ್ ವೃತ್ತಿಬದುಕಿನಲ್ಲಿ ಮೊದಲ ಸಲ ನೆಲಕ್ಕೆ ಬಿದ್ದ, ಹಲ್ಲಿನ ಗಾರ್ಡನ್ನು ತಡಕಾಡಿ ಅದರ ತುದಿಯನ್ನು ಬಾಯಿಗೆ ತುರುಕಿಕೊಂಡ, ಅಷ್ಟರಲ್ಲಿ ಮುಗಿದಿತ್ತು.

ಈಗ ತೀರ್ಪುಗಾರರ ಚೀಟಿ ನೋಡಿ. ಒಂಬತ್ತು ಸುತ್ತು ಮುಗಿದಾಗ ಒಬ್ಬರು ಡಗ್ಲಸ್‌ಗೆ 88-82 ಕೊಟ್ಟಿದ್ದರು, ಇನ್ನೊಬ್ಬರು 86-86 ಸಮ, ಮತ್ತೊಬ್ಬರ ಪ್ರಕಾರ ಟೈಸನ್ನೇ 87-86 ಮುಂದೆ! ಕಣ್ಣೆದುರೇ ಏಟು ತಿನ್ನುತ್ತಿದ್ದವನು ಸೋಲುತ್ತಿದ್ದಾನೆ ಎಂದು ಬರೆಯಲು ಆ ಕೈಗಳಿಗೆ ಆಗಲಿಲ್ಲ. ನಂಬಿಕೆ ಎಷ್ಟು ಗಟ್ಟಿಯಾಗಿತ್ತು ಎಂಬುದಕ್ಕೆ 42ಕ್ಕೆ 1 ಎಂಬ ದರಕ್ಕಿಂತ ಈ ಚೀಟಿಗಳು ದೊಡ್ಡ ಸಾಕ್ಷಿ.

ರಹಮಾನ್ ಲೂಯಿಸ್‌ನನ್ನು ಐದನೇ ಸುತ್ತಿನಲ್ಲಿ ಒಂದು ಬಲಗೈ ಏಟಿಗೆ ಮಲಗಿಸಿದ್ದು ನಿಜ. ಅದೇ ವರ್ಷ ಲೂಯಿಸ್ ನಾಲ್ಕನೇ ಸುತ್ತಿನಲ್ಲಿ ತಿರುಗಿ ಕೊಟ್ಟ. 2019ರಲ್ಲಿ ಬದಲಿ ಆಟಗಾರನಾಗಿ ಬಂದ ಆಂಡಿ ರೂಯಿಜ್ ಜೋಶುವಾನನ್ನು ನಾಲ್ಕು ಸಲ ಕೆಡವಿದ್ದು ಟೋಕಿಯೊಗೆ ಹೆಚ್ಚು ಹತ್ತಿರ. ಕ್ಲೇ ವಿಷಯ ಬೇರೆ. ಲಿಸ್ಟನ್ ಪಂದ್ಯಕ್ಕೆ ಮುಂಚೆ ಕೇಳಿದ 46 ಪತ್ರಕರ್ತರಲ್ಲಿ 43 ಮಂದಿ ಲಿಸ್ಟನ್ ಎಂದಿದ್ದರು. ಆದರೆ ಆ ಹುಡುಗ ಮಹಮದ್ ಅಲಿಯಾಗಿ ಬೆಳೆದ, ಅವನ ಮುಂದಿನ ಎತ್ತರ ಆ ರಾತ್ರಿಯ ಅಚ್ಚರಿಯನ್ನು ನುಂಗಿಹಾಕಿತು. ಇಂದು ಅಲಿ ಗೆದ್ದದ್ದು ಸಹಜ ಎನ್ನಿಸುತ್ತದೆ. ಡಗ್ಲಸ್ ಎಂಟು ತಿಂಗಳಲ್ಲಿ ಮೈ ಬೆಳೆಸಿಕೊಂಡು ಹೋಲಿಫೀಲ್ಡ್‌ಗೆ ಮೂರನೇ ಸುತ್ತಿನಲ್ಲೇ ಸೋತ. ಹಾಗಾಗಿ ಟೋಕಿಯೊದ ಅಚ್ಚರಿ ಇನ್ನೂ ಹಸಿಯಾಗಿದೆ. ಆ ಸೋಲನ್ನು ತೋರಿಸಿ ಅವನನ್ನು ಹಗುರ ಮಾಡುವುದು ನನಗೆ ಅನ್ಯಾಯವೆನಿಸುತ್ತದೆ. ಹತ್ತು ಸುತ್ತು ಜಗತ್ತಿನ ಅತ್ಯುತ್ತಮ ಹೆವಿವೇಟ್ ಆಗಿದ್ದವನು ಮುಂದೆ ಏನಾದರೂ ಆ ಹತ್ತು ಸುತ್ತು ಅವನವೇ.

ನಮ್ಮ ಊರಿನವರ ಅಳತೆಯಲ್ಲೂ ಇಂಥದೇ ತಪ್ಪಿದೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ನಿಖತ್ ಚೀನಾದ ವೂ ಯೂ ಅವರಿಗೆ 0-5ರಿಂದ ಸೋತಾಗ ಹೈದರಾಬಾದಿಗೆ ಅದು ಆಘಾತ. ಎರಡು ಸಲದ ವಿಶ್ವ ಚಾಂಪಿಯನ್ ಸೋಲುವುದೇ? ಆದರೆ ವೂ ಯೂ ಅಗ್ರ ಶ್ರೇಯಾಂಕದವರು, ಅವರೂ ವಿಶ್ವ ಚಾಂಪಿಯನ್. ನಿಖತ್‌ಗೆ ಶ್ರೇಯಾಂಕವೇ ಇರಲಿಲ್ಲ. ಅಚ್ಚರಿ ಪಟ್ಟದ್ದು ಎದುರಾಳಿಯನ್ನು ಅರಿಯದ ನಾವು. ನಿಜವಾದ ಅಚ್ಚರಿ ನಡೆದದ್ದು 2022ರ ಫೆಬ್ರುವರಿಯಲ್ಲಿ, ಬಲ್ಗೇರಿಯಾದ ಸೋಫಿಯಾದಲ್ಲಿ. ಸ್ಟ್ರಾಂಜಾ ಟೂರ್ನಿಯ ಸೆಮಿಫೈನಲ್‌ನಲ್ಲಿ ನಿಖತ್ 4-1ರಿಂದ ಸೋಲಿಸಿದ್ದು ಟರ್ಕಿಯ ಬೂಸೆ ನಾಜ್ ಚಾಕಿರೋಗ್ಲು ಅವರನ್ನು. ಅವರು ಟೋಕಿಯೊ ಒಲಿಂಪಿಕ್ಸ್‌ನ ಬೆಳ್ಳಿ ಗೆದ್ದು ಇನ್ನೂ ವರ್ಷವಾಗಿರಲಿಲ್ಲ. ನಿಖತ್‌ಗೆ ಆಗ ಹಿರಿಯರ ವಿಶ್ವ ಪದಕವೇ ಇರಲಿಲ್ಲ. ಮೂರು ತಿಂಗಳ ನಂತರ ಚಾಕಿರೋಗ್ಲು 50 ಕೆ.ಜಿ.ಯಲ್ಲಿ ವಿಶ್ವ ಚಾಂಪಿಯನ್ ಆದರು, ಪ್ಯಾರಿಸ್‌ನಲ್ಲಿ ಮತ್ತೆ ಬೆಳ್ಳಿ ಗೆದ್ದರು. ಅದೇ ವಿಶ್ವ ಕೂಟದಲ್ಲಿ ನಿಖತ್ ಗೆದ್ದ ಇಸ್ತಾಂಬುಲ್‌ನ ಚಿನ್ನಕ್ಕೆ ಮೆರವಣಿಗೆ ಆಯಿತು, ಆಗಬೇಕಾದದ್ದೇ. ನಿಖತ್ ಅವರ ಅತಿ ದೊಡ್ಡ ಗೆಲುವು ಯಾವುದು ಎಂದು ಕೇಳಿದರೆ ನಾನು ಸೋಫಿಯಾದ ಆ ಸೆಮಿಫೈನಲ್ ಎನ್ನುತ್ತೇನೆ.